ಒಟ್ಟು ಏಳು ಬಂದರೂ ಸೀಟು ಯಾಕೆ ಸಿಗಲಿಲ್ಲ?

ಪ್ರಶ್ನೆ: ಹೋದ ತಿಂಗಳು ವಿದೇಶದಲ್ಲಿ ಓದಲು ಬೇಕಾದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದೆ, ಅಂಕ 9ಕ್ಕೆ. ಲಿಸನಿಂಗ್ 7.5, ರೀಡಿಂಗ್ 7.5, ರೈಟಿಂಗ್ 5.5, ಸ್ಪೀಕಿಂಗ್ 6.5. ಓವರಾಲ್ 7. ನನ್ನ ಗೆಳತಿಗೆ ಅಂಥದ್ದೇ ಇನ್ನೊಂದು ಪರೀಕ್ಷೆ ಟೋಫೆಲ್‌ನಲ್ಲಿ 2025ರಲ್ಲಿ 120ಕ್ಕೆ 88 ಬಂದಿತ್ತು, ನಾಲ್ಕರಲ್ಲೂ 22. ಎರಡೂ ಪರೀಕ್ಷೆಯ ಅಂಕ ಹೋಲಿಸುವ ಪಟ್ಟಿ ನೋಡಿದರೆ ನನ್ನದೇ ಜಾಸ್ತಿ. ಆದರೂ ಒಂದೇ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತು, ನನಗಿಲ್ಲ. ಅವರು ಕೇಳಿದ್ದು ಓವರಾಲ್ 6.5, ಯಾವುದರಲ್ಲೂ 6ಕ್ಕಿಂತ ಕಡಿಮೆ ಇರಬಾರದು ಅಂತ. ಕೋಚಿಂಗ್‌ನವರು 7 ಬಂದರೆ ಸಾಕು ಅಂದಿದ್ದರು. ಇನ್ನು ಟೋಫೆಲ್ ಬರೆಯಲಾ?
— ಓದುಗಿ, ಸುರತ್ಕಲ್

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು. ನಾಲ್ಕು ಅಂಕ ಕೂಡಿಸಿದರೆ 27, ಸರಾಸರಿ 6.75. ಐಇಎಲ್‌ಟಿಎಸ್‌ನಲ್ಲಿ ಅದನ್ನು 7 ಮಾಡಿ ಕೊಡುತ್ತಾರೆ. ಆದರೆ ಆ ಏಳರ ಹೊಟ್ಟೆಯೊಳಗೆ 5.5 ಕೂತಿದೆ, ಅಲ್ವಾ? ಸೀಟು ತಪ್ಪಿಸಿದ್ದು ಅದೇ. ಓವರಾಲ್ ಎಂಟು ಇದ್ದಿದ್ದರೂ ಆ ಷರತ್ತಿಗೆ ಅದು ಸಾಲುತ್ತಿರಲಿಲ್ಲ.

ಪಟ್ಟಿಯಲ್ಲಿ ತಪ್ಪಿಲ್ಲ. ಟೋಫೆಲ್ ನಡೆಸುವ ಇಟಿಎಸ್ ಹಳೆಯ 120ರ ಅಳತೆಗೆ ಮಾಡಿದ ಪಟ್ಟಿಯಲ್ಲಿ 79ರಿಂದ 93 ಅಂದರೆ 6.5, 94ರಿಂದ 101 ಅಂದರೆ 7. ಎರಡೂ ಪರೀಕ್ಷೆ ಬರೆದವರ ಅಂಕ ಪಕ್ಕಪಕ್ಕ ಇಟ್ಟು ಮಾಡಿದ್ದು ಅದು. ನಿಮ್ಮ ಬರವಣಿಗೆ ಹೇಗಿದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಪ್ರವೇಶ ಕೊಡುವವರು ತಮ್ಮದೇ ಪುಟದಲ್ಲಿ ಬರೆದ ಸಂಖ್ಯೆಯನ್ನೇ ನೋಡುತ್ತಾರೆ. ಒಂದೊಂದು ವಿಭಾಗಕ್ಕೆ ಎಷ್ಟು ಬೇಕು ಎನ್ನುವ ಸಾಲನ್ನು ಮೊದಲು ಓದಿ, ಓವರಾಲ್ ಆಮೇಲೆ.

ಕದ್ರಿಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ನಾಲ್ಕೈದು ಮಕ್ಕಳು ಬರೆಯಲು ಕೂರುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಅಂಗಡಿಯಲ್ಲಿ ಕನ್ನಡ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವುದು ಇವರಿಗೆ ಹೊಸದಲ್ಲ, ಮಾತಿನಲ್ಲಿ ಹೆದರುವುದಿಲ್ಲ. ಬರೆಯಲು ಕೂತರೆ ಮಾತ್ರ ಬಾಯಿಪಾಠ ಮಾಡಿದ ಪ್ರಬಂಧ ಬರುತ್ತದೆ. ಹೋದ ವರ್ಷ ಒಬ್ಬ ಹುಡುಗ ಮಾಲಿನ್ಯದ ಬಗ್ಗೆ ಇಡೀ ಪ್ರಬಂಧ ಕಲಿತು ಹೋಗಿದ್ದ. ಕೇಳಿದ್ದು ಊರಿನ ಬಸ್ಸು ಪುಕ್ಕಟೆ ಇರಬೇಕಾ ಎಂದು. ಹೊಗೆಯ ಬಗ್ಗೆಯೇ ಎರಡು ಪುಟ ಬರೆದು ಬಂದ. ಅವನಿಗೂ 5.5. ಕಂಠಪಾಠದ ಉತ್ತರ ಪರೀಕ್ಷಕರಿಗೆ ಗೊತ್ತಾಗುತ್ತದೆ. ರೈಟಿಂಗ್‌ನ ಎರಡನೇ ಪ್ರಶ್ನೆಗೆ, ಅಂದರೆ 250 ಪದದ ಪ್ರಬಂಧಕ್ಕೆ, ಮೊದಲನೆಯದರ ಎರಡು ಪಟ್ಟು ತೂಕವಿದೆ. ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಅದಕ್ಕೇ ಇಡಿ.

ಸುಮ್ನೆ ಟೋಫೆಲ್‌ಗೆ ಹಾರಬೇಡಿ. ಅಲ್ಲೂ ಬರೆಯಬೇಕು, ಜೊತೆಗೆ ಮೈಕಿಗೆ ಮಾತಾಡಬೇಕು. ಎದುರಿಗೆ ಒಬ್ಬ ಮನುಷ್ಯ ಕೂತಿದ್ದರೆ ಮಾತು ಬರುವವರಿಗೆ ಅದು ಕಷ್ಟ. ನೀವು ಕಂಪ್ಯೂಟರ್‌ನಲ್ಲಿ ಬರೆದಿದ್ದರೆ ಐಇಎಲ್‌ಟಿಎಸ್‌ನಲ್ಲಿ ಒಂದೇ ವಿಭಾಗವನ್ನು ಮತ್ತೆ ಬರೆಯುವ ದಾರಿಯಿದೆ. ಮೊದಲ ಪರೀಕ್ಷೆಯಿಂದ 60 ದಿನದೊಳಗೆ, ಒಂದೇ ಸಲ. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ, ಹಣ ಕಟ್ಟುವ ಮೊದಲು ಇಮೇಲ್ ಮಾಡಿ ಕೇಳಿ. ರೈಟಿಂಗ್ ಅರ್ಧ ಬ್ಯಾಂಡ್, ಅಂದರೆ ಅರ್ಧ ಅಂಕ ಏರಿದರೆ ನಿಮ್ಮ ಕೆಲಸ ಆಯಿತು.

ಪ್ರಶ್ನೆ: ಅಣ್ಣನಿಗೆ 2025ರಲ್ಲಿ ಟೋಫೆಲ್ 96. ನನಗೆ ಈಗ ಬರೀ 5 ಬಂದಿದೆ. ನಾನು ಫೇಲಾ?
— ಓದುಗ, ಕಾಪು

ಉತ್ತರ: ಅಲ್ಲವೇ ಅಲ್ಲ ಮಾರಾಯ್ರೆ! 2026ರ ಜನವರಿಯಿಂದ ಟೋಫೆಲ್ ಅಳತೆ 1ರಿಂದ 6ಕ್ಕೆ ಬದಲಾಗಿದೆ. ನಿಮ್ಮ 5 ಅಂದರೆ ಯುರೋಪಿನ ಭಾಷಾ ಅಳತೆಯಲ್ಲಿ ಸಿ1, ಮೇಲಿನಿಂದ ಎರಡನೇ ಮಟ್ಟ, ತುಂಬಾ ಒಳ್ಳೆಯದು. ಮೊದಲ ಎರಡು ವರ್ಷ ಅಂಕಪಟ್ಟಿಯಲ್ಲಿ 120ರ ಲೆಕ್ಕವನ್ನೂ ಕೊಡುತ್ತಾರೆ. ಅಣ್ಣನ ಜೊತೆ ಹೋಲಿಸುವುದಾದರೆ ಆ ಸಂಖ್ಯೆ ನೋಡಿ. ಇವತ್ತೇ ಅಮ್ಮನಿಗೆ ಹೇಳಿ, ಪಾಪ ಅವರೂ ಗಾಬರಿಯಾಗಿರಬಹುದು.