ತುಡುವೆ ಜೇನಿಗೆ ಏಲಕ್ಕಿ ವಾಸನೆಯ ಪಾಠ

ಪ್ರಶ್ನೆ: ತುಡುವೆ ಜೇನಿಗೆ ಏಲಕ್ಕಿ ವಾಸನೆ ತೋರಿಸಿ ಸಕ್ಕರೆ ನೀರು ಕೊಟ್ಟೆವು. ಆಮೇಲೆ ವಾಸನೆ ಬಂದರೆ ಸಾಕು, ನಾಲಗೆ ಚಾಚಿತು. ಆದರೆ ಖಾಲಿ ಸಿರಿಂಜಿನ ಗಾಳಿಗೂ ಚಾಚಿತು! ವಿಜ್ಞಾನ ಮೇಳ ಹತ್ತಿರವಿದೆ. ಎಲ್ಲಿ ತಪ್ಪಿತು?
— ಹೈಸ್ಕೂಲ್ ಶಿಕ್ಷಕಿ, ಪೆರ್ಲ

ಉತ್ತರ: ನಿಮ್ಮ ಜೇನು ಕಲಿತಿದೆ, ಆದರೆ ಬಹುಶಃ ಏಲಕ್ಕಿಯನ್ನಲ್ಲ, ಗಾಳಿಯ ಬೀಸನ್ನು. ಕುಡಿಮೀಸೆಗೆ ತಾಗುವ ಗಾಳಿಯೂ ಅದಕ್ಕೆ ಸೂಚನೆಯೇ. ಚಿಕ್ಕ ಫ್ಯಾನಿನ ಮೆಲುಗಾಳಿ ಉದ್ದಕ್ಕೂ ಒಂದೇ ಸಮ ಬೀಸುತ್ತಿರಲಿ, ಜೇನನ್ನು ದಾಟಿ ಕಿಟಕಿಯಿಂದ ಹೊರಹೋಗಲಿ. ಇಲ್ಲವಾದರೆ ಏಲಕ್ಕಿ ವಾಸನೆ ಕೋಣೆಯಲ್ಲೇ ಉಳಿದು ಲೆಕ್ಕ ತಪ್ಪುತ್ತದೆ.

ಜೇನನ್ನು ಸೀಸೆಯಲ್ಲಿ ಹಾಕಿ ಮಂಜುಗಡ್ಡೆಯ ಮೇಲಿಡಿ. ಅಲುಗಾಟ ನಿಂತ ಕೂಡಲೇ ತೆಗೆದು ಸ್ಟ್ರಾ ತುಂಡಿನೊಳಗೆ ಕೂರಿಸಿ. ತಲೆ, ಕುಡಿಮೀಸೆ ಹೊರಗಿರಲಿ. ಒಂದೆರಡು ಗಂಟೆ ಹಸಿವಿನಲ್ಲಿರಲಿ, ಹೊಟ್ಟೆ ತುಂಬಿದ ಜೇನು ಕಲಿಯದು. ಸಕ್ಕರೆ 50 ಗ್ರಾಂ, ನೀರು ಸೇರಿ ಒಟ್ಟು 100 ಮಿ.ಲೀ. ಏಲಕ್ಕಿ ಎಣ್ಣೆಯ ಒಂದು ಹನಿ ಕಾಗದಕ್ಕೆ ಹಾಕಿ ಸಿರಿಂಜಿನೊಳಗಿಡಿ. ಮೊದಲು ವಾಸನೆ, ಮೂರು ಸೆಕೆಂಡಿನ ನಂತರ ವಾಸನೆ ಇರುವಾಗಲೇ ಕುಡಿಮೀಸೆಗೆ ಸಕ್ಕರೆ ತಾಗಿಸಿ, ನೆಕ್ಕಲು ಬಿಡಿ. ಕ್ರಮ ತಿರುಗಿಸಿದರೆ, ಸಕ್ಕರೆಯ ಬಳಿಕ ವಾಸನೆ ಬಂದರೆ, ಪಾಠ ಹತ್ತುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಸಾಕು. ನಡುನಡುವೆ ಎಣ್ಣೆಯಿಲ್ಲದ ಸಿರಿಂಜಿನ ಗಾಳಿ ಬಿಡಿ, ಸಕ್ಕರೆ ಕೊಡಬೇಡಿ. ಬೀಸಿಗೆ ಅರ್ಥವಿಲ್ಲವೆಂದು ಅದಕ್ಕೆ ತಿಳಿಯುವುದು ಹೀಗೆ.

ನೇಂದ್ರ ಬಾಳೆಹಣ್ಣನ್ನು ಮಾತ್ರ ಹತ್ತಿರ ತರಬೇಡಿ. ಹಣ್ಣಾದ ಬಾಳೆಯ ವಾಸನೆಯಲ್ಲಿರುವ ಐಸೊಅಮೈಲ್ ಅಸಿಟೇಟ್ ಜೇನು ಕುಟುಕುವಾಗ ಬಿಡುವ ಅಪಾಯದ ವಾಸನೆಯಲ್ಲೂ ಇದೆ.

ಮಿದುಳಿನಲ್ಲಿ ಆಗುವುದಿಷ್ಟು: ವಾಸನೆಯ ಸುದ್ದಿ ಕುಡಿಮೀಸೆಯಿಂದ ಅಣಬೆಯಾಕಾರದ ಭಾಗಕ್ಕೆ ಹೋಗುತ್ತದೆ. ಸಿಹಿಯ ಸುದ್ದಿಯೂ ಅಲ್ಲಿಗೇ ಬರುತ್ತದೆ. ಎರಡೂ ಜೊತೆಗೂಡಿದಾಗ ಆ ವಾಸನೆಯ ನರಸಂಪರ್ಕ ಬದಲಾಗುತ್ತದೆ. 1993ರಲ್ಲಿ ಜರ್ಮನಿಯ ಮಾರ್ಟಿನ್ ಹ್ಯಾಮರ್ ಸಕ್ಕರೆಯನ್ನೇ ಕೊಡದೆ, ಸಿಹಿಯ ಸುದ್ದಿ ಒಯ್ಯುವ ಒಂದೇ ಒಂದು ನರಕೋಶವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಜೇನು ಆಗಲೂ ವಾಸನೆ ಕಲಿಯಿತು!

ಪ್ರಶ್ನೆ: ಪೆಟ್ಟಿಗೆಯೊಳಗೆ ಏಲಕ್ಕಿ ಹಾಕಿದ ಪಾಕ ಇಟ್ಟರೆ ಜೇನು ನಮ್ಮ ಏಲಕ್ಕಿ ಹೂವಿಗೆ ಹೋದೀತೇ?
— ಕೃಷಿಕರು, ಮುಳ್ಳೇರಿಯ

ಉತ್ತರ: ಕಾಯಿಯ ವಾಸನೆ ಬೇರೆ, ಹೂವಿನದು ಬೇರೆ. ಪಾಕ ತಣಿದ ಮೇಲೆ ಆಗಷ್ಟೇ ಅರಳಿದ ಹೂಗಳನ್ನು ಅದರಲ್ಲಿ ಕೆಲವು ಗಂಟೆ ನೆನೆಸಿ, ಸೋಸಿ, ಸಂಜೆ ಪೆಟ್ಟಿಗೆಯೊಳಗಿಡಿ. ಬಿಸಿ ಪಾಕಕ್ಕೆ ಹಾಕಿದರೆ ವಾಸನೆ ಹಾರಿಹೋಗುತ್ತದೆ. ಹೂವು ಬಿಟ್ಟಿರುವ ದಿನಗಳಲ್ಲಿ ಮಾತ್ರ ಇದು ಉಪಯೋಗ. ಹುಡುಕಿ ಹೋದ ಹೂವಿನಲ್ಲಿ ಮಕರಂದ ಸಿಗದಿದ್ದರೆ ಜೇನು ಆ ಪಾಠವನ್ನು ಬೇಗ ಬಿಡುತ್ತದೆ.