ಟೀಮ್ಸ್ ಬಕ್‌ವೀಟ್ ಎಂಬ ಮರುಭೂಮಿ ಹೂವು ಅಳಿವಿನಂಚಿಗೆ ಬಂದಿರುವುದೇಕೆ?

ಟೀಮ್ಸ್ ಬಕ್‌ವೀಟ್ ಅಮೆರಿಕದ ನೆವಾಡಾ ರಾಜ್ಯದ ಎಸ್ಮೆರಾಲ್ಡಾ ಕೌಂಟಿಯಲ್ಲಿರುವ ರಯೋಲೈಟ್ ರಿಡ್ಜ್ ಎಂಬ ಒಂದೇ ಪ್ರದೇಶದಲ್ಲಿ ಬೆಳೆಯುವ, ತಿಳಿಹಳದಿ ಹೂಗೊಂಚಲುಗಳ ಪುಟ್ಟ ಬಹುವಾರ್ಷಿಕ ಸಸ್ಯ. ಅದು ಆವರಿಸಿರುವ ನೆಲ ಒಟ್ಟು ಸುಮಾರು 10 ಎಕರೆ ಮಾತ್ರ; ಹೀಗಾಗಿ ಬೇರೆಡೆ ನಗಣ್ಯವೆನಿಸುವ ಹಾನಿಯೂ ಇಲ್ಲಿ ಇಡೀ ಪ್ರಭೇದಕ್ಕೇ ಕುತ್ತಾಗಬಲ್ಲದು.

ಇತರ ಸಸ್ಯಗಳು ಅಷ್ಟಾಗಿ ಒಗ್ಗಿಕೊಳ್ಳದ, ಬೋರಾನ್ ಮತ್ತು ಲಿಥಿಯಂ ಹೇರಳವಾಗಿರುವ ಜೇಡಿಮಣ್ಣಿನಲ್ಲಿ ಇದು ನೆಲೆಯೂರಿದೆ. ಅದೇ ಖನಿಜಗಳಿಗಾಗಿ, ಅದರಲ್ಲೂ ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ, ಅಲ್ಲಿ ತೆರೆದ ಗಣಿಯೊಂದನ್ನು ಯೋಜಿಸಲಾಗಿದ್ದು, 2024ರ ಅಕ್ಟೋಬರ್‌ನಲ್ಲಿ ಸರ್ಕಾರದ ಅನುಮೋದನೆಯೂ ದೊರೆತಿದೆ. ಪರಿಸರದ ಹೆಸರಿನಲ್ಲಿ ಬೇಡಿಕೆ ಪಡೆದ ಲೋಹವೇ ಒಂದು ಸಸ್ಯದ ನೆಲೆಗೆ ಸಂಚಕಾರ ತರುತ್ತಿರುವುದರಿಂದ ಈ ವಿವಾದ ಸುಲಭವಾಗಿ ಬಗೆಹರಿಯುವಂಥದ್ದಲ್ಲ.

ಗಿಡಗಳನ್ನು ಮುಟ್ಟದೆ ಸುತ್ತಲೂ ಅಗೆದರೆ ಸಾಕೆಂಬ ವಾದ ನನಗೆ ದುರ್ಬಲವೆನಿಸುತ್ತದೆ. ಧೂಳು, ರಸ್ತೆಗಳು, ಕಳೆಗಿಡಗಳ ಹರಡುವಿಕೆ ಇವೆಲ್ಲ ಬೇಲಿಯನ್ನು ಲೆಕ್ಕಿಸುವುದಿಲ್ಲ. ಜೊತೆಗೆ, ಪರಾಗಸ್ಪರ್ಶಕ್ಕೆ ನೆರವಾಗುವ ಜೇನ್ನೊಣ, ಕಣಜ, ಜೀರುಂಡೆ, ನೊಣಗಳಿಗೂ ಸುತ್ತಲಿನ ನೆಲ ಬೇಕು. 2022ರ ಡಿಸೆಂಬರ್‌ನಲ್ಲಿ ಈ ಸಸ್ಯವನ್ನು ಅಳಿವಿನಂಚಿನ ಪ್ರಭೇದವೆಂದು ಘೋಷಿಸಿದಾಗ, ಗಿಡಗಳಿರುವ ಜಾಗವಷ್ಟನ್ನೇ ಅಲ್ಲದೆ 910 ಎಕರೆಗಳನ್ನು ನಿರ್ಣಾಯಕ ಆವಾಸವೆಂದು ಗುರುತಿಸಿದ್ದು ಇದೇ ಕಾರಣಕ್ಕೆ.

ಗಣಿಯೊಂದೇ ಅಪಾಯವಲ್ಲ. 2020ರಲ್ಲಿ ಸಾವಿರಾರು ಗಿಡಗಳು ಬೇರುಸಹಿತ ನಾಶವಾದಾಗ ಮೊದಲು ಮನುಷ್ಯರ ಮೇಲೆ ಶಂಕೆ ಮೂಡಿತ್ತಾದರೂ, ಡಿಎನ್‌ಎ ಪರೀಕ್ಷೆ ದಂಶಕಗಳತ್ತ, ಅಂದರೆ ಇಲಿ, ಅಳಿಲುಗಳಂಥ ಕಡಿಯುವ ಪ್ರಾಣಿಗಳತ್ತ, ಬೆರಳು ತೋರಿತು. ಬರಗಾಲದಲ್ಲಿ ಅವು ನೀರಿನಂಶಕ್ಕಾಗಿ ಬೇರುಗಳನ್ನು ಅಗೆದು ತಿಂದಿರಬೇಕೆಂದು ಊಹಿಸಲಾಗಿದೆ.