ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆದರೂ ಮರಿ ಸೊರಗುತ್ತಿದೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಗುಂಡ ಐದು ತಿಂಗಳ ನಾಟಿ ಮರಿ. ಲಸಿಕೆ ಎಲ್ಲ ಆಗಿದೆ. ಸುಮಾರು ಒಂದು ತಿಂಗಳಿಂದ ಜ್ವರ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಮೈಮೇಲೆ ಆಗಾಗ ಉಣುಗು ಸಿಗುತ್ತವೆ. ವಸಡು ಬಿಳಿಚಿಕೊಂಡಿದೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದೆ. ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೊಸ್ಕೋಪಿನಲ್ಲಿ ನೋಡುವ ಸ್ಮಿಯರ್‌ನಲ್ಲಿ ಏನೂ ಕಾಣಲಿಲ್ಲ ಅಂದರು. ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್ ಕೋರ್ಸ್ ಮುಗಿಯಿತು, ಗುಣ ಕಾಣಲಿಲ್ಲ. ಒಬ್ಬ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಾಗ ಮರುದಿನ ಎದ್ದು ಕುಣಿದ, ನಾಲ್ಕು ದಿನಕ್ಕೆ ಮತ್ತೆ ಮಲಗಿದ. ಈಗಾಗಲೇ ಮೂವರು ಡಾಕ್ಟರ ಹತ್ತಿರ ಹೋಗಿದ್ದೇವೆ. ಅಮ್ಮನಿಗೆ ಇದು ಮಂಗನ ಕಾಯಿಲೆ ಇರಬಹುದಾ ಅಂತ ಭಯ. ಪಕ್ಕದ ಮನೆಯವರು ‘ನಾಟಿ ಮರಿ ತಾನೆ, ಇನ್ನೊಂದು ತಂದರಾಯ್ತು’ ಅಂತಾರೆ. ಸುಮ್ನೆ ನರಳಿಸುವ ಬದಲು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬೇಕಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮಲಗಿಸುವ ಮಾತು ಈಗ ಬೇಡ. ವಾಸಿಯಾಗದ ಕಾಯಿಲೆ ಅಂತ ಯಾರೂ ಹೇಳಿಲ್ಲ. ಯಾವ ಕಾಯಿಲೆ ಅಂತ ಗೊತ್ತಾಗಿಲ್ಲ, ಅಷ್ಟೇ. ಪಕ್ಕದ ಮನೆಯವರ ಮಾತನ್ನು ಅಲ್ಲೇ ಬಿಡಿ.

ಅಮ್ಮನಿಗೆ ಮೊದಲು ಇದನ್ನು ಹೇಳಿ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು. ನಾಯಿಗಳಿಗೆ ಹೀಗೆ ರಕ್ತ ಕಡಿಮೆಯಾಗುವ ಕಾಯಿಲೆ ತರುವುದು ಹೆಚ್ಚಾಗಿ ಮನೆಯ ಗೋಡೆ ಬಿರುಕಿನಲ್ಲಿ, ಮಂಚದ ಸಂದಿಯಲ್ಲಿ ಮೊಟ್ಟೆ ಇಡುವ ಕಂದು ಉಣುಗು. ಎರಡೂ ಬೇರೆ ಬೇರೆ. ಆದರೂ ಕಿತ್ತ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ.

ನೀವು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಮೊದಲ ಅನುಮಾನ ಬರುವುದು ಬೇಬಿಸಿಯಾ ಮೇಲೆ, ಅದರಲ್ಲೂ ಬೇಬಿಸಿಯಾ ಗಿಬ್ಸೋನಿ ಅನ್ನುವ ಸಣ್ಣ ಜಾತಿಯ ಮೇಲೆ. ಇದು ಕೆಂಪು ರಕ್ತಕಣದ ಒಳಗೇ ಕೂತು ಅದನ್ನು ಒಡೆಯುವ ಪರೋಪಜೀವಿ, ಹಾಗಾಗಿ ವಸಡು ಬಿಳಿಚುತ್ತೆ, ಮೂತ್ರದ ಬಣ್ಣ ತಿರುಗುತ್ತೆ, ಜ್ವರ ಬಂದು ಹೋಗಿ ಮಾಡುತ್ತೆ. ಸ್ಮಿಯರ್ ಅಂದರೆ ಒಂದು ಹನಿ ರಕ್ತ. ಆ ಹನಿಯಲ್ಲಿ ಪರೋಪಜೀವಿ ಇಲ್ಲದಿದ್ದರೆ ‘ಏನೂ ಇಲ್ಲ’ ಅಂತಲೇ ಬರುತ್ತೆ. ಕಿವಿಯ ತುದಿಯಿಂದ ತೆಗೆದ ರಕ್ತದಲ್ಲಿ, ಅದೂ ಜ್ವರ ಇರುವಾಗ ತೆಗೆದರೆ, ಸಿಗುವ ಸಾಧ್ಯತೆ ಜಾಸ್ತಿ. ಅಲ್ಲೂ ಸಿಗದಿದ್ದರೆ ಪಿಸಿಆರ್, ಅಂದರೆ ರಕ್ತದಲ್ಲಿ ಪರೋಪಜೀವಿಯ ಡಿಎನ್ಎ ಹುಡುಕುವ ಪರೀಕ್ಷೆ, ಮಾಡಿಸಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಿಮಗೆ ಹತ್ತಿರ. ಇಷ್ಟು ದಿನದ ಚೀಟಿ, ರಿಪೋರ್ಟು ಎಲ್ಲ ಹಿಡಿದುಕೊಂಡೇ ಹೋಗಿ. ಪ್ರತಿ ಸಲ ಹೊಸ ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋದರೆ ಅವರು ಮತ್ತೆ ಒಂದನೇ ಮೆಟ್ಟಿಲಿಂದಲೇ ಶುರು ಮಾಡಬೇಕಾಗುತ್ತೆ.

ಡಾಕ್ಸಿಸೈಕ್ಲಿನ್ ವ್ಯರ್ಥ ಆಯ್ತು ಅಂತ ಬೇಜಾರು ಬೇಡ, ಅದೂ ಒಂದು ಸುಳಿವೇ. ಉಣುಗಿನಿಂದ ಬರುವ ಇನ್ನೊಂದು ಕಾಯಿಲೆ ಎರ್ಲಿಕಿಯಾ ಆಗಿದ್ದರೆ ಆ ಔಷಧಕ್ಕೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಚೇತರಿಕೆ ಕಾಣಬೇಕಿತ್ತು. ಆದರೆ ಅದಕ್ಕೆ ಸುಮಾರು 28 ದಿನ ಕೊಡಬೇಕು. ನಡುವೆ ನಿಲ್ಲಿಸಿದ್ದಿದ್ದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಇಲಿ ಜ್ವರವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಲಸಿಕೆ ಆಗಿದ್ದರೂ ಅದು ಎಲ್ಲ ತಳಿಗಳನ್ನೂ ತಡೆಯುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಇಲಿ ಓಡಾಡಿದ ನೀರು ಎಲ್ಲಿಲ್ಲ ಹೇಳಿ? ಇದು ಮನುಷ್ಯರಿಗೂ ಅಂಟುತ್ತೆ. ರಿಪೋರ್ಟ್ ಬರುವವರೆಗೆ ಗುಂಡನ ಮೂತ್ರ ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಇನ್ನು ಆ ಸ್ಟೀರಾಯ್ಡ್. ಅದು ಜ್ವರ ಇಳಿಸುತ್ತೆ, ಹಸಿವು ತರುತ್ತೆ, ಮರಿ ಎದ್ದು ಕುಣಿಯುತ್ತೆ, ಮನೆಯವರೆಲ್ಲ ವಾಸಿಯಾಯ್ತು ಅಂದುಕೊಳ್ಳುತ್ತಾರೆ. ಒಳಗಿನ ಪರೋಪಜೀವಿ ಮಾತ್ರ ಹಾಗೇ ಇರುತ್ತೆ. ಹಾಗಂತ ಕೊಟ್ಟವರನ್ನು ಬೈಯಬೇಡಿ. ಕೆಲವು ಸಲ ದೇಹವೇ ತನ್ನ ರಕ್ತಕಣಗಳನ್ನು ನಾಶ ಮಾಡಲು ಶುರು ಮಾಡುತ್ತೆ, ಬೇಬಿಸಿಯಾದಿಂದಲೂ ಹಾಗಾಗುವುದುಂಟು, ಆಗ ಸ್ಟೀರಾಯ್ಡ್ ಬೇಕಾಗಬಹುದು. ಈಗ ಮಾತ್ರೆ ರೂಪದಲ್ಲಿ ನಡೆಯುತ್ತಿದ್ದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ಗಿಬ್ಸೋನಿ ಅಂತಲೇ ಬಂದರೆ ಔಷಧ ಇದೆ. ಅಟೊವಕ್ವೋನ್ ಮತ್ತು ಅಜಿಥ್ರೊಮೈಸಿನ್ ಜೋಡಿ 10 ದಿನ ಕೊಡುತ್ತಾರೆ. ದುಬಾರಿ, ಎಲ್ಲ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಸಿಗದಿದ್ದಾಗ ಕ್ಲಿಂಡಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಸೇರಿಸಿ ಹೆಚ್ಚು ದಿನ ಕೊಡುವುದುಂಟು. ಡೋಸ್ ಮಾತ್ರ ತೂಕ ನೋಡಿಯೇ, ಡಾಕ್ಟರು ಬರೆದಂತೆಯೇ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು.

ನಿಮ್ಮ ಕೈಲಿ ಆಗುವ ದೊಡ್ಡ ಕೆಲಸ ಒಂದಿದೆ. ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ಬರೆಯಿರಿ, ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, ಅದನ್ನೇ ಜ್ವರ ಅಂದುಕೊಂಡು ಗಾಬರಿಯಾಗುವವರು ಬೇಕಾದಷ್ಟು ಜನ. ಏನು ತಿಂದ, ಮೂತ್ರ ಯಾವ ಬಣ್ಣ, ಅದನ್ನೂ ಬರೆಯಿರಿ. ಹಗಲು ಬೆಳಕಿನಲ್ಲಿ ತುಟಿ ಎತ್ತಿ ವಸಡಿನ ಫೋಟೊ ತೆಗೆಯಿರಿ, ದಿನಾ ಒಂದೇ ಜಾಗದಲ್ಲಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಎಲ್ಲ ವಸಡೂ ಬಿಳಿಯೇ. ಊಟಕ್ಕೆ ಅನ್ನ, ಬೇಯಿಸಿದ ಕೋಳಿ ಅಥವಾ ಮೊಟ್ಟೆ ಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಡಿ. ತಿನ್ನದ ದಿನ ಬಾಯಿಗೆ ತುರುಕಬೇಡಿ.

ಮನೆಯಲ್ಲಿ ಎಲ್ಲರೂ ರಾತ್ರಿ ನಿದ್ದೆ ಕೆಡಬೇಕಿಲ್ಲ, ಸರದಿ ಮಾಡಿಕೊಳ್ಳಿ. ಖರ್ಚಿನ ವಿಷಯ ಡಾಕ್ಟರ ಹತ್ತಿರ ಮೊದಲೇ ಬಾಯಿಬಿಟ್ಟು ಹೇಳಿ. ಇಷ್ಟು ಹಣ ಇದೆ, ಯಾವ ಪರೀಕ್ಷೆ ಮೊದಲು ಮಾಡಿಸಲಿ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ, ನಮಗೂ ಅದರಿಂದ ಅನುಕೂಲವೇ.

ಸುಮ್ಮನೆ ಮಲಗಿದ್ದಾಗಲೂ ಏದುಸಿರು, ವಸಡು ಕಾಗದದಂತೆ ಬಿಳಿ, ನಿಲ್ಲಲು ಆಗದೆ ಕುಸಿಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ರಕ್ತ ಕೊಡಿಸಬೇಕಾಗಬಹುದು. ನಾಯಿಗೆ ನಾಯಿಯದೇ ರಕ್ತ ಬೇಕು. ಮೊದಲ ಸಲ ಕೊಡುವಾಗ ಗುಂಪು ಹೊಂದದೆ ತೊಂದರೆಯಾಗುವುದು ಕಡಿಮೆ, ಅದೊಂದು ಅನುಕೂಲ. ಪರಿಚಯದವರಲ್ಲಿ 25 ಕೆ.ಜಿ.ಗಿಂತ ಹೆಚ್ಚು ತೂಕದ, ಲಸಿಕೆ ಆಗಿರುವ, ಗಟ್ಟಿಮುಟ್ಟಾದ ನಾಯಿ ಯಾರ ಮನೆಯಲ್ಲಿದೆ ಅಂತ ಈಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.